ಗೃಹ ವೀಕ್ಷಣೆಗೆ ಮಾತ್ರ

ಸಾವಿರದ ಒಂಬೈನೂರ ತೊಂಬತ್ತೊಂಬತ್ತನೇ ಇಸವಿ ಫೆಬ್ರವರಿ ಹನ್ನೊಂದನೇ ತಾರೀಖು ಗುರುವಾರ, ಚಾಮರಾಜನಗರದ ಜಿಲ್ಲಾ ದೃಶ್ಯ-ಶ್ರವ್ಯ ಸಾಮಗ್ರಿ ಕಚೇರಿಯು ಸಂಸಾರ ವಾಸವಾಗಿರುವ ಒಂದು ಮನೆ ಎಂದು ಸಕ್ಷಮ ಪ್ರಾಧಿಕಾರದಿಂದ ಘೋಷಿಸಲ್ಪಟ್ಟಿತು. ಆದೇಶದ ಎರಡು ಪ್ರತಿಗಳಲ್ಲಿ ಒಂದನ್ನು ಕಡತಕ್ಕೆ ಸೇರಿಸಿ, ಇನ್ನೊಂದನ್ನು ಅಡುಗೆಮನೆಯ ಗೋಡೆಗೆ ಅಂಟಿಸಲಾಯಿತು. ಆಕ್ಷೇಪಣೆಗೆ ಏಳು ದಿನ ಕಾಲಾವಕಾಶವಿತ್ತು. ಯಾರೂ ಸಲ್ಲಿಸಲಿಲ್ಲ.

ಇದಕ್ಕೆಲ್ಲ ಮೂಲ ಆ ಕಚೇರಿಯ ದ್ವಿತೀಯ ದರ್ಜೆ ಸಹಾಯಕ ಶಾಂತರಾಜು. ಇಪ್ಪತ್ತೆಂಟು ವರ್ಷದ ಸಾಧು ಮನುಷ್ಯ. ಊರು ಬೇಗೂರು. ಕೆಲಸಕ್ಕೆ ಸೇರಿ ಒಂದೂವರೆ ವರ್ಷವಾಗಿದ್ದರೂ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ದಿನಾ ಬೆಳಿಗ್ಗೆ ಬೇಗೂರಿನಲ್ಲಿ ಬಸ್ಸು ಹತ್ತಿ, ಗುಂಡ್ಲುಪೇಟೆಯಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಚಾಮರಾಜನಗರ ಸೇರುತ್ತಿದ್ದ. ಗುಂಡ್ಲುಪೇಟೆಯಲ್ಲಿ ಬಸ್ಸಿಗೆ ಕಾಯುವ ಇಪ್ಪತ್ತು ನಿಮಿಷ ಅವನ ದಿನದಲ್ಲಿ ಸುಖವಾದ ಹೊತ್ತು. ನಿಲ್ದಾಣದ ಎದುರಿನ ಎಸ್.ಟಿ.ಡಿ. ಬೂತಿನಲ್ಲಿ ಶಿವಲಕ್ಷ್ಮಿ ಕೆಲಸಕ್ಕಿದ್ದಳು.

ಶಿವಲಕ್ಷ್ಮಿಯೂ ಬೇಗೂರಿನವಳೇ. ಅವಳ ಮನೆಗೂ ಅವನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆದರೂ ಇಬ್ಬರೂ ಮಾತಾಡಬೇಕೆಂದರೆ ಗುಂಡ್ಲುಪೇಟೆಗೇ ಬರಬೇಕಿತ್ತು. ಊರಿನಲ್ಲಿ ಅವನ ತಾಯಿ ಸಣ್ಣತಾಯಮ್ಮನೂ ಅವಳ ತಾಯಿ ಪುಟ್ಟಮಾದಮ್ಮನೂ ಹನ್ನೆರಡು ವರ್ಷದಿಂದ ಮಾತು ಬಿಟ್ಟಿದ್ದರು. ಬದು ಒತ್ತಿದ್ದಲ್ಲ, ನೀರಿನ ಜಗಳವಲ್ಲ. ಅದು ಒಂದು ಕೊಲೆಯ ವಿಚಾರ.

ಎಂಬತ್ತೇಳರಲ್ಲಿ ಟಿವಿಯಲ್ಲಿ 'ಪತ್ತೇದಾರ ನೀಲಕಂಠಯ್ಯ' ಎಂಬ ಧಾರಾವಾಹಿ ಬರುತ್ತಿತ್ತು. ಹದಿಮೂರು ವಾರಕ್ಕೆ ಒಂದೇ ಕೊಲೆ. ಜವಳಿ ಸಾಹುಕಾರರೊಬ್ಬರು ತಮ್ಮ ಮನೆಯ ದೇವರ ಕೋಣೆಯಲ್ಲಿ ಹಾಲಿನ ಲೋಟ ಹಿಡಿದುಕೊಂಡೇ ಸತ್ತು ಬಿದ್ದಿರುತ್ತಾರೆ. ಔಷಧಿ ಕೊಡುತ್ತಿದ್ದ ಕಾಂಪೌಂಡರು, ಬೀರುವಿನ ಬೀಗದ ಕೈ ಇಟ್ಟುಕೊಂಡಿದ್ದ ಸೋದರಳಿಯ, ವಾರವಾರವೂ ಅಳುವ ಅಡಿಗೆ ಭಟ್ಟ, ಹೀಗೆ ಮನೆ ತುಂಬ ಜನ. ನೀಲಕಂಠಯ್ಯ ಕರೀ ಕೋಟು ತೊಟ್ಟು, ನಶ್ಯ ಏರಿಸುತ್ತ, ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದ. ಆಗ ಬೇಗೂರಿನಲ್ಲಿ ಇದ್ದದ್ದು ಪಂಚಾಯಿತಿಯ ಒಂದು ಟಿವಿ. ಸಣ್ಣತಾಯಮ್ಮ ಮತ್ತು ಪುಟ್ಟಮಾದಮ್ಮ ಬುಧವಾರ ಬುಧವಾರ ಒಂದೇ ಚಾಪೆ ಹೊತ್ತುಕೊಂಡು ಹೋಗಿ, ಮುಂದಿನ ಸಾಲಿನಲ್ಲಿ ಹಾಸಿ, ಕಡಲೆಕಾಯಿ ಸುಲಿಯುತ್ತ ಹನ್ನೆರಡು ವಾರ ನೋಡಿದರು.

ಹದಿಮೂರನೇ ವಾರ ನೀಲಕಂಠಯ್ಯ ಎಲ್ಲರನ್ನೂ ಹಜಾರದಲ್ಲಿ ಕೂರಿಸಿ, ಎದ್ದು ನಿಂತು, ಬೆರಳೆತ್ತಿ, "ಕೊಲೆ ಮಾಡಿದವರು" ಎಂದ. ಕರೆಂಟು ಹೋಯಿತು. ಮತ್ತೆ ಬಂದಾಗ ಟಿವಿಯಲ್ಲಿ ಒಬ್ಬರು ಹಿಪ್ಪುನೇರಳೆ ಕಡ್ಡಿಯನ್ನು ಓರೆಯಾಗಿ ಕತ್ತರಿಸುವುದು ಹೇಗೆಂದು ತೋರಿಸುತ್ತಿದ್ದರು.

"ಕಾಂಪೌಂಡ್ರು ಕಡೆಗೇ ಬೆರಳು ತೋರ್ಸುದ್ದು" ಎಂದಳು ಸಣ್ಣತಾಯಮ್ಮ, ಚಾಪೆ ಸುತ್ತುತ್ತ.

"ಸೋದರಳಿಯನ ಕಡೆ ಕಣಕ್ಕ. ನಿಂಗೆ ಕಣ್ಣು ಸರ್ಯಾಗಿ ಕಾಣಕಿಲ್ಲ" ಎಂದಳು ಪುಟ್ಟಮಾದಮ್ಮ.

ಪಂಚಾಯಿತಿಯಿಂದ ಮನೆಗೆ ನೂರೈವತ್ತು ಹೆಜ್ಜೆ. ಅಷ್ಟರಲ್ಲಿ ಮಾತು ಬೆಳೆದು, ಕಣ್ಣಿನಿಂದ ಬುದ್ಧಿಗೂ ಬುದ್ಧಿಯಿಂದ ತವರುಮನೆಗೂ ಹೋಗಿ, ಮನೆ ಬಾಗಿಲಿಗೆ ಬರುವ ಹೊತ್ತಿಗೆ ನಿಂತಿತು. ಹಾಗೆ ನಿಂತ ಮಾತು ಮತ್ತೆ ಹೊರಡಲಿಲ್ಲ. ಚಾಪೆಯನ್ನು ಬೆಳಿಗ್ಗೆ ಗೋಡೆಯ ಮೇಲಿಂದ ಆಚೆಗೆ ಎಸೆಯಲಾಯಿತು.

ದೊಡ್ಡವನಾದ ಮೇಲೆ ಶಾಂತರಾಜು ಬೇರೆ ಊರಿನವರನ್ನು ವಿಚಾರಿಸಿ ನೋಡಿದ್ದ. ಎಲ್ಲರೂ ಧಾರಾವಾಹಿಯ ಹಿನ್ನೆಲೆ ಸಂಗೀತವನ್ನು ತಪ್ಪಿಲ್ಲದೆ ಬಾಯಲ್ಲಿ ನುಡಿಸಿದರು. ಕೊಲೆಗಾರನ ಹೆಸರು ಕೇಳಿದರೆ ಏಳು ಜನ ಏಳು ಹೆಸರು ಹೇಳಿದರು. ಅದರಲ್ಲಿ ಒಬ್ಬರು ಹೇಳಿದ್ದು ನೀಲಕಂಠಯ್ಯನ ಹೆಸರನ್ನೇ. ಶಿವಲಕ್ಷ್ಮಿಯನ್ನು ತರುವ ವಿಷಯಕ್ಕೆ ಹಿರಿಯರೊಬ್ಬರನ್ನು ಕಳಿಸಿದಾಗ ಪುಟ್ಟಮಾದಮ್ಮ, "ಕಾಂಪೌಂಡ್ರು ಕೊಲೆ ಮಾಡ್ದ ಅನ್ನೋರ ಮನೆಗೆ ಹೆಣ್ಣು ಕೊಟ್ರೆ, ನಾಳೆ ನನ್ ಮಗಳ ಮ್ಯಾಲೂ ಏನೇನ್ ಹೊರ್ಸಾರೋ" ಎಂದು ಕಳಿಸಿಬಿಟ್ಟಿದ್ದಳು.

ಹೀಗಿರುವಾಗ ತೊಂಬತ್ತೆಂಟರ ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಶಿವಲಕ್ಷ್ಮಿ ಬೂತಿನ ಗಾಜಿನ ಸಂದಿಯಿಂದ ಅವನಿಗೆ ಪೇಪರಿನ ತುಂಡೊಂದನ್ನು ಕೊಟ್ಟಳು. ಜಾಹೀರಾತು. 'ಜನಮನ ಗೆದ್ದ ಪತ್ತೇದಾರ ನೀಲಕಂಠಯ್ಯ ಇದೀಗ ಗೃಹ ವೀಕ್ಷಣೆಗಾಗಿ ಏಳು ವಿಡಿಯೋ ಕ್ಯಾಸೆಟ್ಟುಗಳಲ್ಲಿ. ಸೀಮಿತ ಪ್ರತಿಗಳು. ಸಂಘ ಸಂಸ್ಥೆಗಳಿಗೆ ಆದ್ಯತೆ.'

ಬೂತಿನ ಪಕ್ಕವೇ ಚಂದ್ರಕುಮಾರನ ವಿಡಿಯೋ ಲೈಬ್ರರಿ. ಶಾಂತರಾಜು ಹೋಗಿ ಕೇಳಿದ.

"ತರ್ಸಲ್ಲ ಸಾರ್" ಎಂದ ಚಂದ್ರಕುಮಾರ. "ಇದು ಗಡಿ. ಮಲಯಾಳಂ ಓಡ್ತದೆ, ತಮಿಳ್ ಓಡ್ತದೆ. ಕೊಲೆ ಮಾಡ್ದೋನು ಯಾರೂಂತ ಹದಿಮೂರು ವಾರ ಯೋಚ್ನೆ ಮಾಡೋ ಗಿರಾಕಿ ನಮ್ಮಲ್ಲಿಲ್ಲ."

"ನಿಮ್ಮ ಆಫೀಸು ಇರೋದೇ ಕ್ಯಾಸೆಟ್ ತರ್ಸೋಕಲ್ವಾ?" ಎಂದಳು ಶಿವಲಕ್ಷ್ಮಿ, ಅವನು ಬೂತಿಗೆ ವಾಪಸು ಬಂದಾಗ.

ಶಾಂತರಾಜುವಿಗೆ ಇದು ಹೊಳೆದಿರಲಿಲ್ಲ.

ಆ ಕಚೇರಿ ಅರಿಸಿನ ವ್ಯಾಪಾರಿಯೊಬ್ಬರ ಹಳೇ ಮನೆಯಲ್ಲಿ ಬಾಡಿಗೆಗಿತ್ತು. ಹಜಾರದಲ್ಲಿ ಮೇಜುಗಳು, ಅಡುಗೆಮನೆಯಲ್ಲಿ ಕಡತಗಳು, ಒಲೆಯ ಮೇಲೆ ಇತ್ಯರ್ಥವಾಗದ ಅರ್ಜಿಗಳು. ಹೊಸ ಜಿಲ್ಲೆಯಾದಾಗ ಇಲಾಖೆಯ ಸಾಮಗ್ರಿಯನ್ನು ನ್ಯಾಯವಾಗಿ ಹಂಚಲಾಗಿತ್ತು. ಟಿವಿ ಚಾಮರಾಜನಗರಕ್ಕೆ ಬಂತು. ಅದರ ರಿಮೋಟು ಮೈಸೂರಿನಲ್ಲಿ ಉಳಿಯಿತು. ವಿಸಿಆರ್ ಗುಂಡ್ಲುಪೇಟೆಯ ಶಾಖೆಗೆ ಹೋಗಿ, ಅಲ್ಲಿ ಟೇಬಲ್ ಫ್ಯಾನಿಗೆ ಪೀಠವಾಗಿತ್ತು. ಅರಿಸಿನ ಬೇಯಿಸುವ ಕ್ರಮ, ರೇಷ್ಮೆಹುಳುವಿನ ಆರೈಕೆ, ಚಿಕ್ಕ ಸಂಸಾರ ಮುಂತಾದ ವಿಷಯಗಳ ನಲವತ್ತೊಂದು ಕ್ಯಾಸೆಟ್ಟುಗಳಿದ್ದವು. ಅವನ್ನು ಹಳ್ಳಿಗಳಿಗೆ ಎರವಲು ಕೊಡುವುದು ಕಚೇರಿಯ ಉದ್ದೇಶ. ಕೊಟ್ಟರೆ ಹಾಳಾಗುತ್ತವೆಂದು ಕೊಟ್ಟಿರಲಿಲ್ಲ.

ಮುಖ್ಯಸ್ಥರು ಸಹಾಯಕ ನಿರ್ದೇಶಕ ಶಂಭುಲಿಂಗಪ್ಪನವರು. ಮೈಸೂರಿನಿಂದ ರೈಲಿನಲ್ಲಿ ಹನ್ನೊಂದೂವರೆಗೆ ಬಂದು ಮೂರೂವರೆಗೆ ಹೊರಡುತ್ತಿದ್ದರು. ಅವರಿಗೆ ಸಹಿ ಮಾಡುವುದರಲ್ಲಿ ಆಲಸ್ಯವಿರಲಿಲ್ಲ, ಓದುವುದರಲ್ಲಿ ಮಾತ್ರ ಇತ್ತು. ಓದುವ ಕೆಲಸವನ್ನೆಲ್ಲ ವ್ಯವಸ್ಥಾಪಕ ರಂಗನಾಯಕ ಮಾಡುತ್ತಿದ್ದ. ರಂಗನಾಯಕನಿಗೆ ನಿಯಮಾವಳಿ ಬಾಯಿಪಾಠ. ಯಾವ ಕೆಲಸ ಯಾವ ನಿಯಮದಡಿ ಆಗುವುದಿಲ್ಲ ಎಂದು ಪುಟಸಂಖ್ಯೆಯ ಸಮೇತ ಹೇಳಬಲ್ಲವನಾಗಿದ್ದ.

"ಯಾವ ಶೀರ್ಷಿಕೆಯಡಿ ತರಿಸ್ತೀಯ?" ಎಂದು ಅವನು ಶಾಂತರಾಜುವಿನ ಬೇಡಿಕೆ ಪತ್ರ ನೋಡಿ ಕೇಳಿದ.

"ಅಪರಾಧ ತಡೆ ಜಾಗೃತಿ ಅಂತ ಬರೆದಿದ್ದೀನಿ ಸಾರ್."

"ಕೊಲೆ ಎಷ್ಟಿದೆ?"

"ಒಂದೇ."

"ಒಂದಿದ್ದರೆ ಜಾಗೃತಿ. ಎರಡಾದರೆ ಮನರಂಜನೆ ಆಗ್ತದೆ. ಹಾಕು."

ಕ್ಯಾಸೆಟ್ಟುಗಳು ನವೆಂಬರ್ ಇಪ್ಪತ್ತಕ್ಕೆ ಬಂದವು. ಶಾಂತರಾಜು ದಾಸ್ತಾನು ಪುಸ್ತಕದಲ್ಲಿ ಏಳನ್ನೂ ನಮೂದಿಸಿ, ಏಳನೆಯದನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡ. ಹದಿಮೂರನೇ ಭಾಗ ಅದರಲ್ಲಿತ್ತು. ಸುತ್ತಿದ ಆ ಕರೀ ಪಟ್ಟಿಯೊಳಗೆ ಎಲ್ಲೋ ನೀಲಕಂಠಯ್ಯನ ಬೆರಳು ಇತ್ತು. ನಾಳೆಯೇ ಗುಂಡ್ಲುಪೇಟೆಯಿಂದ ವಿಸಿಆರ್ ತಂದು, ಟಿವಿಗೆ ಹಾಕಿ ನೋಡಿ, ಊರಿಗೆ ಹೋಗಿ ಹೇಳಿಬಿಡುವುದೆಂದು ಅವನು ಎಣಿಸಿದ್ದ.

ರಂಗನಾಯಕ ಪೆಟ್ಟಿಗೆಯನ್ನು ತಿರುಗಿಸಿ, ಹಿಂಬದಿಯ ಸಣ್ಣಕ್ಷರವನ್ನು ಓದಿದ. 'ಗೃಹ ವೀಕ್ಷಣೆಗೆ ಮಾತ್ರ. ಕಚೇರಿ, ಬಸ್ಸು, ಹೋಟೆಲು, ಸಭಾಂಗಣ, ಬಂದೀಖಾನೆ ಮುಂತಾದೆಡೆ ಪ್ರದರ್ಶಿಸುವುದು ಶಿಕ್ಷಾರ್ಹ ಅಪರಾಧ.'

"ಕಚೇರೀಲಿ ನೋಡೋ ಹಾಗಿಲ್ಲ" ಎಂದ.

"ಹಾಗಾದರೆ ಒಂದು ದಿನ ಮನೆಗೆ ತಗೊಂಡು ಹೋಗಿ ನೋಡಿಬಿಡ್ಲಾ ಸಾರ್?"

"ಸರ್ಕಾರಿ ಸಾಮಗ್ರಿಯನ್ನ ನೌಕರ ಮನೆಗೆ ಒಯ್ಯೋ ಹಾಗಿಲ್ಲ. ನಿಯಮ ನಲವತ್ತೆರಡು."

"ಹಾಗಾದರೆ ಬೀರುವಿನಲ್ಲಿ ಇಟ್ಟುಬಿಡ್ತೀನಿ."

"ಇಡೋ ಹಾಗೂ ಇಲ್ಲ. ಬಂದ ತೊಂಬತ್ತು ದಿನದೊಳಗೆ ಪೂರ್ಣ ವೀಕ್ಷಣಾ ಪ್ರಮಾಣಪತ್ರ ಹೋಗಬೇಕು. ಹೋಗಲಿಲ್ಲ ಅಂದ್ರೆ ಬೇಡಿಕೆ ಸಲ್ಲಿಸಿದ ನೌಕರನ ನಿರ್ಲಕ್ಷ್ಯ. ನೀನು ಕಾಯಂ ಆಗಿದ್ದಿದ್ದರೆ ಒಂದು ಬಡ್ತಿ ತಡೀತಿದ್ದರು. ನೀನಿನ್ನೂ ಆಗಿಲ್ಲ. ಮನೆಗೆ ಕಳಿಸ್ತಾರೆ. ಒಂದು ಲೆಕ್ಕಕ್ಕೆ ಆಗ ಮನೇಲಿ ನೋಡಬಹುದು, ಆದರೆ ಕ್ಯಾಸೆಟ್ಟು ಇರಲ್ಲ."

ರಂಗನಾಯಕ ಇದನ್ನು ಬೇಸರವಿಲ್ಲದೆ, ಗಡಿಯಾರ ನೋಡಿ ಹೊತ್ತು ಹೇಳುವವನಂತೆ ಹೇಳಿದ.

ಸ್ಪಷ್ಟೀಕರಣ ಕೋರಿ ಬೆಂಗಳೂರಿನ ಕೇಂದ್ರ ಕಚೇರಿಗೆ ಪತ್ರ ಹೋಯಿತು. ಅಲ್ಲಿಯ ಟಪಾಲು ಶಾಖೆಯವರು ವಿಷಯದಲ್ಲಿ 'ಗೃಹ' ಎಂದಿದ್ದುದನ್ನು ಕಂಡು ಗೃಹ ಇಲಾಖೆಗೆ ರವಾನಿಸಿದರು. ಅದು 'ಈ ಗೃಹ ನಮ್ಮದಲ್ಲ' ಎಂಬ ಷರಾ ಹೊತ್ತು ಹಿಂತಿರುಗಿತು. ಜನವರಿ ಎರಡನೇ ವಾರದಲ್ಲಿ ಕೇಂದ್ರ ಕಚೇರಿಯಿಂದ ಉತ್ತರ ಬಂತು.

'ಸದರಿ ಕ್ಯಾಸೆಟ್ಟುಗಳನ್ನು ಗೃಹದಲ್ಲಿಯೇ ವೀಕ್ಷಿಸತಕ್ಕದ್ದು. ಸರ್ಕಾರಿ ಸಾಮಗ್ರಿಯನ್ನು ಕಚೇರಿಯಿಂದ ಗೃಹಕ್ಕೆ ಒಯ್ಯಲು ಅವಕಾಶವಿರುವುದಿಲ್ಲ. ಆದರೆ ಗೃಹವನ್ನು ಕಚೇರಿಗೆ ತರಲು ನಿರ್ಬಂಧವಿರುವುದಿಲ್ಲ. ಒಲೆ ಉರಿಯುವ, ಪಡಿತರ ಚೀಟಿ ಇರುವ, ಇಬ್ಬರಿಗೆ ಕಡಿಮೆ ಇಲ್ಲದಂತೆ ಹೆಂಗಸರಿರುವ, ನೆಂಟರು ಬಂದು ಹೋಗುವ ಸ್ಥಳವನ್ನು ಗೃಹವೆಂದು ಪರಿಗಣಿಸಬಹುದು. ಗೃಹತ್ವ ಪರಿಶೀಲಕರು ಖುದ್ದು ಬಂದು ದೃಢೀಕರಿಸುವರು.'

ಶಂಭುಲಿಂಗಪ್ಪನವರು ರೈಲಿಗೆ ಹೊರಡುವ ಮುಂಚೆ ಅದಕ್ಕೆ 'ಕ್ರಮ ಕೈಗೊಳ್ಳಿ' ಎಂದು ಬರೆದರು.

ಪಡಿತರ ಚೀಟಿ ರಂಗನಾಯಕನಿಗೆ ಕಷ್ಟವಾಗಲಿಲ್ಲ. ಯಜಮಾನ ಶಂಭುಲಿಂಗಪ್ಪ, ಉದ್ಯೋಗ ಸಹಾಯಕ ನಿರ್ದೇಶಕ, ವಿಳಾಸ ಕಚೇರಿ. ರಂಗನಾಯಕ ಯಜಮಾನರ ತಮ್ಮ. ಉಳಿದದ್ದು ಇಬ್ಬರು ಹೆಂಗಸರು. ಕಚೇರಿಯಲ್ಲಿ ಇದ್ದದ್ದು ಗಂಡಸರೇ.

"ನಿನ್ ತಾಯೀನ ಕರ್ಕೊಂಡು ಬಾ" ಎಂದ ರಂಗನಾಯಕ. "ಇನ್ನೊಬ್ಬರನ್ನೂ ನೋಡು."

ಮಾರನೇ ಬೆಳಿಗ್ಗೆ ಬೂತಿನಲ್ಲಿ ಶಾಂತರಾಜು ಎಲ್ಲವನ್ನೂ ಹೇಳಿದ. ಶಿವಲಕ್ಷ್ಮಿ ಯಾರಿಗೋ ಕೇರಳದ ಲೈನು ಕೊಟ್ಟು ಬಂದು, "ಇನ್ನೊಬ್ಬರು ನಮ್ಮವ್ವ" ಎಂದಳು.

"ನಿಮ್ಮವ್ವನಾ? ನಮ್ಮವ್ವ ಇರೋ ಕಡೆಗಾ?"

"ನಿಮ್ಮವ್ವ ಒಬ್ಬಳೇ ಹೋಗಿ ಕೊಲೆಗಾರನ್ನ ನೋಡ್ಕೊಂಡು ಬರ್ತಾಳೆ ಅಂತ ಗೊತ್ತಾದ್ರೆ ನಮ್ಮವ್ವ ಮನೇಲಿ ಕೂತ್ಕೋತಾಳಾ? ನೀವು ನಿಮ್ಮವ್ವನಿಗೆ ಜೋರಾಗಿ ಹೇಳಿ. ಗೋಡೆಗೆ ಕೇಳ್ಸೋ ಹಾಗೆ."

ಆ ಸಂಜೆ ಶಾಂತರಾಜು ಹಿತ್ತಲಲ್ಲಿ ನಿಂತು ತಾಯಿಗೆ ಜೋರಾಗಿ ಹೇಳಿದ.

"ಯಾಕ್ಲಾ ಕೂಗ್ತೀಯ, ನಂಗೇನ್ ಕಿವುಡಾ" ಎಂದಳು ಸಣ್ಣತಾಯಮ್ಮ. ಮಗನ ನೌಕರಿ ಹೋಗುವ ಮಾತು ಕೇಳಿ ಅವಳ ಮುಖ ಸಣ್ಣದಾಗಿತ್ತು. "ಒಲೆ ಅಚ್ಚಿದ್ರೆ ನೌಕ್ರಿ ಉಳೀತದೆ ಅಂದ್ರೆ ಅಚ್ಚನ ಬುಡು. ಅದೇನ್ ಕಷ್ಟ. ಆ ಕಾಂಪೌಂಡ್ರೂ ಸಿಕ್ಕಾಕೋತನೆ."

ಗೋಡೆಯ ಆಚೆ ಪಾತ್ರೆ ತಿಕ್ಕುವ ಸದ್ದು ನಿಂತಿತು. ಅರ್ಧ ಗಂಟೆ ಕಳೆದ ಮೇಲೆ ಪುಟ್ಟಮಾದಮ್ಮ ಬೀದಿಗೆ ಬಂದು, ಶಾಂತರಾಜುವಿನ ಕಡೆ ನೋಡದೆ ಅವನ ಸೈಕಲ್ಲಿಗೆ ಹೇಳುವಂತೆ, "ನಾಳೆ ಎಷ್ಟೊತ್ತಿನ ಬಸ್ಸು?" ಎಂದಳು.

ಒಲೆಯ ಮೇಲಿನ ಅರ್ಜಿಗಳನ್ನು ಅಟ್ಟಕ್ಕೆ ಏರಿಸಲಾಯಿತು. ಸಣ್ಣತಾಯಮ್ಮ ಯಜಮಾನರ ಅಕ್ಕ ಎಂದೂ, ಪುಟ್ಟಮಾದಮ್ಮ ಯಜಮಾನರ ತಂಗಿ ಎಂದೂ ಪಡಿತರ ಚೀಟಿಗೆ ಸೇರಿದರು. ಇಬ್ಬರೂ ಒಂದೇ ಒಲೆಯಲ್ಲಿ, ಒಂದೇ ಪಾತ್ರೆಯಲ್ಲಿ, ಪರಸ್ಪರ ಒಂದು ಮಾತೂ ಆಡದೆ ಮೂರು ವಾರ ಅಡಿಗೆ ಮಾಡಿದರು. ಉಪ್ಪು ಹಾಕಿದ್ದಾಗಿದೆಯೋ ಇಲ್ಲವೋ ಎಂಬುದನ್ನು ರಂಗನಾಯಕನ ಮೂಲಕ ವಿಚಾರಿಸುತ್ತಿದ್ದರು. ಅವನು ಎರಡೂ ಕಡೆಯ ಹೇಳಿಕೆಯನ್ನು ಪಡೆದು ತಿಳಿಸುತ್ತಿದ್ದ. ಶಂಭುಲಿಂಗಪ್ಪನವರಿಗೆ ಮಧ್ಯಾಹ್ನದ ಊಟ ಬಿಸಿಯಾಗಿ ಸಿಗತೊಡಗಿತು. ಒಂದು ದಿನ ಅವರು ಹನ್ನೆರಡೂವರೆಗೆ ಬಂದಾಗ ಪುಟ್ಟಮಾದಮ್ಮ, "ಎಲ್ಲೋಗಿದ್ದೆ ಇಷ್ಟೊತ್ತು? ಮುದ್ದೆ ಆರೋಯ್ತಲ್ಲ" ಎಂದಳು. ಹನ್ನೊಂದು ವರ್ಷದ ಸೇವೆಯಲ್ಲಿ ತಡವಾಗಿದ್ದಕ್ಕೆ ಅವರನ್ನು ಯಾರೂ ಕೇಳಿರಲಿಲ್ಲ. ಮಾರನೇ ದಿನದಿಂದ ಅವರು ಹತ್ತು ಗಂಟೆಗೆ ಬಂದರು. ಸಂಜೆ ಮಾತ್ರ ಮೂರೂವರೆಗೇ ಹೊರಡುತ್ತಿದ್ದರು.

ಫೆಬ್ರವರಿ ಹತ್ತರಂದು ಗೃಹತ್ವ ಪರಿಶೀಲಕ ಮರಿಮಲ್ಲಪ್ಪನವರು ಬಂದರು. ಕೈಯಲ್ಲಿ ಅಚ್ಚಾದ ನಮೂನೆ, ಜೇಬಿನಲ್ಲಿ ಎರಡು ಪೆನ್ನು. ಒಲೆ ನೋಡಿದರು. ಪಡಿತರ ಚೀಟಿ ನೋಡಿದರು. ಹೆಂಗಸರನ್ನು ಎಣಿಸಿದರು. ಕೊಟ್ಟ ಉಪ್ಪಿಟ್ಟು ತಿಂದು, ತಾವೇ ಬಂದಿರುವುದರಿಂದ ನೆಂಟರು ಬಂದು ಹೋಗುವ ರೂಢಿ ಇದೆಯೆಂದು ಗುರುತು ಹಾಕಿದರು. ಆಮೇಲೆ ಪೆನ್ನು ಮುಚ್ಚಿಬಿಟ್ಟರು.

"ದಾಖಲೆ ಎಲ್ಲ ಸರಿ ಇದೆ" ಎಂದರು. "ಆದರೆ ಇದು ಮನೆ ಅಂತ ನನಗೆ ಅನ್ನಿಸ್ತಾ ಇಲ್ಲ. ಇಪ್ಪತ್ತೆರಡು ಗೃಹ ಪರಿಶೀಲನೆ ಮಾಡಿದ್ದೀನಿ. ಇಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಮರ್ಯಾದೆಯಾಗಿ ಸುಮ್ಮನಿದ್ದಾರೆ. ಇದು ಕಚೇರಿಯ ಲಕ್ಷಣ."

ತೊಂಬತ್ತು ದಿನದಲ್ಲಿ ಉಳಿದಿದ್ದದ್ದು ಎಂಟು. ಬಾಗಿಲಿನಲ್ಲಿ ನಿಂತಿದ್ದ ಶಾಂತರಾಜು ಏನಾದರೂ ಹೇಳಬೇಕೆಂದು, "ಸಾರ್, ಈ ಕ್ಯಾಸೆಟ್ಟು ನೋಡೋಕೆ ನಮ್ಮವ್ವ ಹನ್ನೆರಡು ವರ್ಷದಿಂದ ಕಾಯ್ತಾ ಇದ್ದಾರೆ. ಕಾಂಪೌಂಡರೇ ಕೊಲೆ ಮಾಡಿದ್ದು ಅಂತ ಅವರ ಅಭಿಪ್ರಾಯ" ಎಂದ.

ಅಡುಗೆಮನೆಯಲ್ಲಿ ಸೌಟು ನೆಲಕ್ಕೆ ಬಿತ್ತು.

"ಅಭಿಪ್ರಾಯವಂತೆ" ಎಂದಳು ಪುಟ್ಟಮಾದಮ್ಮ, ಒಲೆಗೆ. "ಬೀಗದ ಕೈ ಮಡಿಕಂಡಿದ್ದೋನು ಸೋದರಳಿಯ. ವಿಷ ಬೀರಿನಾಗಿತ್ತು. ಇದೂ ಗೊತ್ತಾಗ್ನಿಲ್ವಂತ ಕೆಲವರ್ಗೆ."

"ಬೀರು ಯಾರಾರ ತಗೀತರೆ" ಎಂದಳು ಸಣ್ಣತಾಯಮ್ಮ, ಅಕ್ಕಿ ಡಬ್ಬಕ್ಕೆ. "ಔಸ್ತಿ ಬೆರ್ಸೋದು ಬರೋದು ಕಾಂಪೌಂಡ್ರಿಗೆ ಒಬ್ನಿಗೇಯ. ಓದ್ದೋನು ಅವ್ನು. ಸೋದರಳಿಯಂಗೆ ಶೂ ದಾರ ಕಟ್ಟಕೂ ಬರ್ನಿಲ್ಲ, ಐದ್ನೇ ವಾರ ಕಂಡಿಲ್ವಾ."

"ದಾರ ಕಟ್ಟದೆ ಬುಟ್ಟಿದ್ದು ಬೇಕಂತ್ಲೇಯ. ದಡ್ಡನಂಗೆ ಕಾಣ್ಲಿ ಅಂತವ. ಅದು ತಿಳೀಬೇಕಾದ್ರೆ ತಲೇಲಿ ಇರ್ಬೇಕು."

"ನಮ್ ತವರುಮನೇರ ತಲೆ ವಿಚಾರ್ಕೆ ಯಾರೂ ಬರ್ಬ್ಯಾಡಿ. ಚಾಪೆ ಎಸ್ದೋರು ಯಾರು ಅಂತ ಬೇಗೂರಿಗೇ ಗೊತ್ತು."

"ಚಾಪೆ ನಮ್ದು. ಈಸ್ಕಂಡೋಗಿ ಹರ್ದುಬುಟ್ಟು, ಈಗ ಎಸುದ್ರು ಅಂತವ."

ಇದು ಒಂದು ಗಂಟೆ ಹತ್ತು ನಿಮಿಷ ನಡೆಯಿತು. ಸಾರು ಸೀದಿತು. ಶಂಭುಲಿಂಗಪ್ಪನವರು "ಇಬ್ಬರೂ ಸ್ವಲ್ಪ ಸುಮ್ಮನಿರಿ" ಎಂದು ಒಳಗೆ ಹೋಗಿ, ಇಬ್ಬರಿಂದಲೂ ಬೈಸಿಕೊಂಡು, ಪೇಪರು ತೆಗೆದುಕೊಂಡು ಜಗುಲಿಗೆ ಬಂದು ಕುಳಿತರು. ಮರಿಮಲ್ಲಪ್ಪನವರು ಆ ದೃಶ್ಯವನ್ನು ಗಮನಿಸಿದರು. ಅವರ ಕಣ್ಣು ತೇವಗೊಂಡಿತು. ಪೆನ್ನಿನ ಮುಚ್ಚಳ ತೆಗೆದು, ನಮೂನೆಯ ಕೊನೆಯಲ್ಲಿ ದುಂಡಾದ ಅಕ್ಷರದಲ್ಲಿ ಬರೆದರು: 'ನಿಸ್ಸಂದೇಹವಾಗಿ ಮನೆ.'

ಘೋಷಣೆ ಮಾರನೇ ದಿನವೇ ಹೊರಟಿತು. ಹಾಲು ಉಕ್ಕಿಸಲಾಯಿತು. ವಿಸಿಆರ್ ತರಲು ಶಾಂತರಾಜು ಗುಂಡ್ಲುಪೇಟೆ ಶಾಖೆಗೆ ಹೋಗಿ, ಫ್ಯಾನಿಗೆ ಬದಲಿ ಪೀಠವಾಗಿ ನಾಲ್ಕು ನಿಯಮಾವಳಿ ಪುಸ್ತಕಗಳನ್ನು ಒದಗಿಸಿ, ವಿಸಿಆರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದ. ಕಂಡಕ್ಟರು ಅದಕ್ಕೆ ಅರ್ಧ ಟಿಕೆಟ್ ಹರಿದ.

ಫೆಬ್ರವರಿ ಹದಿಮೂರು ಎರಡನೇ ಶನಿವಾರ. ಕಚೇರಿಗಳಿಗೆ ರಜೆ. ಇದು ಮನೆಯಾದ್ದರಿಂದ ಎಲ್ಲರೂ ಬಂದರು. ಶಿವಲಕ್ಷ್ಮಿಯೂ ಬೂತಿಗೆ ರಜೆ ಹಾಕಿ ಬಂದಳು. ಬೆಳಿಗ್ಗೆ ಒಂಬತ್ತಕ್ಕೆ ಮೊದಲನೇ ಕ್ಯಾಸೆಟ್ಟು ಹಾಕಿದರು. ಹಜಾರದಲ್ಲಿ ಎರಡು ಚಾಪೆ, ಒಂದು ಆ ಗೋಡೆಗೆ, ಇನ್ನೊಂದು ಈ ಗೋಡೆಗೆ. ನಡುವೆ ಯಜಮಾನರ ಕುರ್ಚಿ. ರಿಮೋಟು ಮೈಸೂರಿನಲ್ಲಿದ್ದುದರಿಂದ ಶಬ್ದ ಹೆಚ್ಚಿಸಲು ರಂಗನಾಯಕ ಎದ್ದು ಎದ್ದು ಹೋಗುತ್ತಿದ್ದ. ಮಧ್ಯಾಹ್ನ ಊಟಕ್ಕೆ ಮಾತ್ರ ನಿಲ್ಲಿಸಿದರು. ನಾಲ್ಕೂವರೆಗೆ ಏಳನೇ ಕ್ಯಾಸೆಟ್ಟು. ಶಂಭುಲಿಂಗಪ್ಪನವರು ರೈಲು ಬಿಟ್ಟಿದ್ದರು.

ನೀಲಕಂಠಯ್ಯ ಎಲ್ಲರನ್ನೂ ಹಜಾರದಲ್ಲಿ ಕೂರಿಸಿದ. ಎದ್ದು ನಿಂತ. ಬೆರಳೆತ್ತಿದ. ಶಾಂತರಾಜು ಟಿವಿ ನೋಡುತ್ತಿರಲಿಲ್ಲ. ಬಲ್ಬನ್ನೇ ನೋಡುತ್ತಿದ್ದ. ಬಲ್ಬು ಉರಿಯುತ್ತಲೇ ಇತ್ತು.

"ಕೊಲೆ ಮಾಡಿದವರು" ಎಂದ ನೀಲಕಂಠಯ್ಯ, "ಈ ಮನೆಯ ಅಡಿಗೆ ಭಟ್ಟರು."

ಭಟ್ಟ ತಲೆತಗ್ಗಿಸಿ ಒಪ್ಪಿಕೊಂಡ. ಸಂಗೀತ ಬಂತು. ಹೆಸರುಗಳು ಮೇಲಕ್ಕೆ ಏರಿದವು. ಪರದೆಯ ಮೇಲೆ ಬಿಳೀ ಗೆರೆಗಳು ಓಡತೊಡಗಿದರೂ ಯಾರೂ ಎದ್ದು ಆರಿಸಲಿಲ್ಲ. ಶಾಂತರಾಜು ಒಮ್ಮೆ ಆ ಗೋಡೆ ಕಡೆಗೂ ಒಮ್ಮೆ ಈ ಗೋಡೆ ಕಡೆಗೂ ನೋಡಿದ. ಇಬ್ಬರೂ ಸೋತಿದ್ದರು. ಸೋತವರು ಏನು ಮಾಡುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ. ಶಿವಲಕ್ಷ್ಮಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿ ಮಾಡುತ್ತಿದ್ದಳು.

"ಏನಂದ ಅವ್ನು?" ಎಂದಳು ಪುಟ್ಟಮಾದಮ್ಮ. ಈ ಸಲ ಒಲೆಗೆ ಹೇಳಲಿಲ್ಲ. ನೇರವಾಗಿ ಎದುರು ಗೋಡೆಯ ಕಡೆ ತಿರುಗಿ ಕೇಳಿದಳು.

"ಭಟ್ಟ ಅಂದ" ಎಂದಳು ಸಣ್ಣತಾಯಮ್ಮ.

"ಆ ಭಟ್ಟ ಹದಿಮೂರು ವಾರ ಅತ್ತೋನು ಕಣಕ್ಕ."

"ಸಾರು ಬಡ್ಸೋವಾಗ್ಲೂ ಅಳ್ತಿದ್ದ ಕಣಮ್ಮಿ. ಎಲೇಗೆ ಕಣ್ಣೀರು ಬಿದ್ದದ್ದ ನಾನೇ ಕಂಡಿವ್ನಿ."

"ಅನ್ನ ಬೇಯ್ಸಿ ಆಕೋನು ವಿಷ ಆಕಾನಾ? ನಾವೂ ಮೂರು ವಾರದಿಂದ ಬೇಯ್ಸಿ ಆಕ್ತಿವಿ, ನಮ್ಗೆ ಗೊತ್ತಿಲ್ವಾ."

ಸಣ್ಣತಾಯಮ್ಮ ತನ್ನ ಚಾಪೆಯನ್ನು ಎಳೆದುಕೊಂಡು ಎದುರು ಚಾಪೆಯ ಪಕ್ಕಕ್ಕೆ ಬಂದಳು. "ನೀಲಕಂಠಯ್ಯಂಗೆ ವಯಸ್ಸಾಗದೆ. ನಶ್ಯ ಜಾಸ್ತಿ ಬೇರೆ. ತಪ್ಪು ಇಡ್ದವ್ನೆ ಬುಡು."

"ಬಡವ್ರು ಸಿಕ್ತರೆ ಅಂತವ ಇಡ್ಕಂಡವ್ನೆ. ಅಂಗಾರೆ ನಿಜ್ವಾಗ್ಲೂ ಮಾಡ್ದೋರು?"

"ನೀನೇಳ್ದಂಗೆ ಬೀಗದ ಕೈ ಸೋದರಳಿಯನ ತಾವಿತ್ತು."

"ನೀನೇಳ್ದಂಗೆ ಔಸ್ತಿ ಬೆರ್ಸಕೆ ಕಾಂಪೌಂಡ್ರೇ ಬೇಕು."

"ಇಬ್ರೂ ಸೇರ್ಕಂಡಿದ್ರು" ಎಂದಳು ಸಣ್ಣತಾಯಮ್ಮ. "ನಾನೂ ಅದೇ ಅಂದ್ಕಂಡೆ" ಎಂದಳು ಪುಟ್ಟಮಾದಮ್ಮ. ಶಾಂತರಾಜು ಎದ್ದು ಹೋಗಿ ಟಿವಿ ಆರಿಸಿದ. ಮುಖ ಕಾಣಿಸದಿರಲೆಂದು ಸ್ವಲ್ಪ ಹೊತ್ತು ಅದರ ಹಿಂದೆಯೇ ವೈರು ಹುಡುಕುತ್ತ ನಿಂತ.

ಸೋಮವಾರ ಪೂರ್ಣ ವೀಕ್ಷಣಾ ಪ್ರಮಾಣಪತ್ರ ತುಂಬುವಾಗ ಒಂದು ತೊಡಕು ಬಂತು. ಪೂರ್ತಿ ನೋಡಿದ್ದಕ್ಕೆ ಪುರಾವೆಯಾಗಿ ಕೊಲೆಗಾರನ ಹೆಸರು ಬರೆದು, ಕುಟುಂಬದ ವಯಸ್ಕರೆಲ್ಲ ರುಜು ಹಾಕಬೇಕಿತ್ತು. ಭಟ್ಟ ಎಂದು ಬರೆದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದಿಲ್ಲವೆಂದು ಇಬ್ಬರು ಹೆಂಗಸರೂ ಹೇಳಿಬಿಟ್ಟರು.

"ಟಿವಿಯಲ್ಲಿ ಹಾಗೇ ಬಂದಿದೆಯಲ್ಲಮ್ಮ" ಎಂದರು ಶಂಭುಲಿಂಗಪ್ಪನವರು.

"ಟಿವಿಲಿ ಬಂದಿದ್ದಕ್ಕೆ ಯಾರ ಸಹಿಯೂ ಇಲ್ಲ ಸಾರ್" ಎಂದ ರಂಗನಾಯಕ. "ಇಲ್ಲಿ ಸಹಿ ಬೇಕು. ಸಹಿ ಇರೋದೇ ದಾಖಲೆ."

'ಕಾಂಪೌಂಡರು ಮತ್ತು ಸೋದರಳಿಯ, ಜಂಟಿಯಾಗಿ' ಎಂದು ಬರೆದು ಕಳಿಸಲಾಯಿತು. ಕೇಂದ್ರ ಕಚೇರಿಯಿಂದ ಬಂದ ಉತ್ತರ ಹೀಗಿತ್ತು: 'ತಮ್ಮ ವರದಿಯನ್ನು ಅಂಗೀಕರಿಸಲಾಗಿದೆ. ಹದಿಮೂರನೇ ಭಾಗದಲ್ಲಿ ಪತ್ತೇದಾರರು ವ್ಯಕ್ತಪಡಿಸಿರುವುದು ಅವರ ವೈಯಕ್ತಿಕ ಅಭಿಪ್ರಾಯವಾಗಿದ್ದು, ಇಲಾಖೆಗೆ ಅನ್ವಯಿಸುವುದಿಲ್ಲ. ಎಲ್ಲ ಜಿಲ್ಲೆಗಳೂ ಪರಿಷ್ಕೃತ ಕೊಲೆಗಾರರನ್ನು ಗಮನಿಸತಕ್ಕದ್ದು.' ಅದರ ಜೊತೆಯಲ್ಲೇ ಶಾಂತರಾಜುವಿನ ಸೇವೆ ತೃಪ್ತಿಕರವೆಂದು ಕಾಯಂ ಮಾಡಿದ ಆದೇಶವೂ ಇತ್ತು. ಅವನು ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಗುಂಡ್ಲುಪೇಟೆಯಲ್ಲಿ ಇಳಿದ. ಆ ಸಂಜೆ ಎರಡು ಬಸ್ಸು ಬಿಟ್ಟ.

ಮದುವೆ ಮಾತಿಗೆ ಈಗ ತಾಯಂದಿರ ಅಡ್ಡಿ ಇರಲಿಲ್ಲ. ಹೊಸ ತಕರಾರು ಎತ್ತಿದವನು ರಂಗನಾಯಕ. "ಪಡಿತರ ಚೀಟಿ ಪ್ರಕಾರ ಇವರಿಬ್ಬರೂ ಅಕ್ಕತಂಗಿಯರು. ಅಕ್ಕತಂಗಿಯರ ಮಕ್ಕಳು ಅಣ್ಣತಂಗಿ ಆಗ್ತಾರೆ. ವರಸೆ ಬರಲ್ಲ" ಎಂದ. ಎಲ್ಲರೂ ಗಾಬರಿಯಾದರು. ಅವನೇ ಎರಡು ದಿನ ಯೋಚಿಸಿ ದಾರಿ ಕಂಡುಹಿಡಿದ. ಪುಟ್ಟಮಾದಮ್ಮ ವಿಧವೆ. ಅವಳನ್ನು ಯಜಮಾನರ ತಂಗಿಯ ಬದಲು ತೀರಿಹೋದ ತಮ್ಮನ ಹೆಂಡತಿ ಎಂದು ತಿದ್ದಿದರೆ ಸೋದರ ಸಂಬಂಧವಾಗಿ ವರಸೆ ಕೂಡುತ್ತಿತ್ತು.

"ನನಗೆ ತೀರಿಹೋದ ತಮ್ಮ ಇಲ್ಲವಲ್ಲ" ಎಂದರು ಶಂಭುಲಿಂಗಪ್ಪನವರು.

"ಈಗ ಇಲ್ಲ ಅನ್ನೋದಕ್ಕೆ ಒಂದು ಪ್ರಮಾಣಪತ್ರ ಸಾಕು ಸಾರ್."

ಆ ತಮ್ಮನಿಗೆ ಒಂದು ದಿನದ ಸೂತಕ ಆಚರಿಸಿ, ಮೇ ತಿಂಗಳಿನಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಮದುವೆ ಮಾಡಿದರು. ಶಂಭುಲಿಂಗಪ್ಪನವರು ಸೋದರಮಾವನ ಸ್ಥಾನದಲ್ಲಿ ನಿಂತು ಚಳಿಗೆ ಮಫ್ಲರು ಸುತ್ತಿಕೊಂಡಿದ್ದರು. ಲಗ್ನಪತ್ರಿಕೆಯಲ್ಲಿ ಸ್ವಗೃಹ ಎಂಬಲ್ಲಿ ಕಚೇರಿಯ ವಿಳಾಸವಿತ್ತು.

ಕಚೇರಿ ಮನೆಯಾಗಿಯೇ ಉಳಿಯಿತು. ಮತ್ತೆ ಕಚೇರಿಯಾಗಲು ಬೇಕಾದ ನಮೂನೆ ಅಚ್ಚಾಗಿರಲಿಲ್ಲ. ಆ ಮೇಲೆ ಯಾರೂ ಅದನ್ನು ಕೇಳಲೂ ಇಲ್ಲ. ಮನೆಯವರು ಬಾಗಿಲು ತೆರೆಯುವ ಹೊತ್ತನ್ನು ಪ್ರಶ್ನಿಸಲು ಸಾರ್ವಜನಿಕರಿಗೆ ಹಕ್ಕಿರುವುದಿಲ್ಲ. ಕಚೇರಿಯಲ್ಲಿ ಕಾಣಿಕೆ ಮುಟ್ಟಬಾರದೆಂಬ ನಿಯಮವಿದೆ, ನೆಂಟರು ಮನೆಗೆ ತಂದದ್ದನ್ನು ಬೇಡವೆನ್ನಬಾರದೆಂಬುದು ಸಂಪ್ರದಾಯ. ಶಂಭುಲಿಂಗಪ್ಪನವರು ಈ ವ್ಯತ್ಯಾಸವನ್ನು ಬೇಗ ಗ್ರಹಿಸಿದರು. ಮೈಸೂರಿನ ರೈಲಿಗೆ ಅವರು ಈಗ ಎರಡು ಚೀಲ ಹಿಡಿದು ಹೋಗುತ್ತಿದ್ದರು.

ಜೂನ್ ತಿಂಗಳಿನಲ್ಲಿ ಹರವೆ ಕಡೆಯ ದೊಡ್ಡಯ್ಯ ಎಂಬ ರೈತರು ಅರಿಸಿನ ಬೇಯಿಸುವ ಕ್ಯಾಸೆಟ್ಟನ್ನು ಎರವಲು ಕೇಳಿಕೊಂಡು ಬಂದರು. ಹೋದ ವರ್ಷವೂ ಎರಡು ಸಲ ಬಂದು, ಹೊರಗಿನ ಬೆಂಚಿನ ಮೇಲೆ ಕೂತು ಹೋಗಿದ್ದರು. ಈ ಸಲ ಸಣ್ಣತಾಯಮ್ಮ ಬಾಗಿಲು ತೆರೆದು ಕಾಲಿಗೆ ನೀರು ಕೊಟ್ಟಳು.

"ಕ್ಯಾಸೆಟ್ಟು" ಎಂದರು ದೊಡ್ಡಯ್ಯ.

"ಮನೆ ಸಾಮಾನು ಆಚೆಗೆ ಕೊಡೋ ರೂಢಿ ಇಲ್ಲ ಕಣಪ್ಪ. ಕೂತ್ಕೋ, ಉಣ್ಣೋ ಹೊತ್ತು."

ಹಜಾರದಲ್ಲಿ ನೀಲಕಂಠಯ್ಯನ ಐದನೇ ವಾರ ನಡೆಯುತ್ತಿತ್ತು. ದೊಡ್ಡಯ್ಯ ಉಂಡರು. ನೋಡಿದರು. ಮುಂದಿನ ಗುರುವಾರ ಒಂದು ಗೊನೆ ಏಲಕ್ಕಿ ಬಾಳೆಹಣ್ಣು ಹೊತ್ತು ಮತ್ತೆ ಬಂದರು. ಬಾಳೆಗೊನೆ ಯಜಮಾನರ ಕೋಣೆಗೆ ಹೋಯಿತು. ಧಾರಾವಾಹಿಯ ಹತ್ತನೇ ವಾರದವರೆಗೆ ನೋಡಿಕೊಂಡು ಸಂಜೆ ಊರಿಗೆ ಹೋದಾಗ ಅವರ ಹೆಂಡತಿ, ಆಫೀಸಿನಲ್ಲಿ ಕೆಲಸ ಆಯಿತೇ ಎಂದು ಕೇಳಿದಳು.

"ಆಫೀಸು ಎಲ್ಲದೆ ಅಲ್ಲಿ" ಎಂದರು ದೊಡ್ಡಯ್ಯ, ಟವಲ್ಲು ಕೊಡವುತ್ತ. "ಮನೆ ಅದು. ಒಳ್ಳೆ ಜನ. ಮುಂದಿನ ವಾರ ನೀನೂ ಬಾ, ಇಬ್ರೂ ಓಗ್ಬರನ."